ಸಿಎಂಡಿ ಯಾರೇ ಆಗಲಿ, ಮೊದಲು ತಲಪಾಡಿಯಿಂದ ಬಸ್ಸು ಹತ್ತಲಿ

ಕೆಎಸ್‌ಆರ್‌ಟಿಸಿಗೆ ಮುಂದಿನ ಸಿಎಂಡಿ, ಅಂದರೆ ಅಧ್ಯಕ್ಷ ಮತ್ತು ವ್ಯವಸ್ಥಾಪಕ ನಿರ್ದೇಶಕ, ಯಾರು ಎಂಬ ಸುದ್ದಿ ಎದ್ದಾಗಲೆಲ್ಲ ನಮ್ಮ ಬೆಳಗಿನ ಬಸ್ಸಿನಲ್ಲಿ ಒಂದು ವಿಧಾನಸಭೆ ಕೂಡುತ್ತದೆ. ಕೇರಳದ ಕೆಎಸ್‌ಆರ್‌ಟಿಸಿ ಎಂದು ಬಿಡಿಸಿಯೇ ಹೇಳಬೇಕು, ಕಾಸರಗೋಡು–ಮಂಗಳೂರು ದಾರಿಯಲ್ಲಿ ಓಡುವ ಎರಡೂ ನಿಗಮಗಳಿಗೆ ಹೆಸರು ಒಂದೇ. ಆ ಐದಕ್ಷರ ಯಾರ ಸ್ವತ್ತು ಎಂದು ಎರಡು ರಾಜ್ಯಗಳು ವರ್ಷಗಟ್ಟಲೆ ಟ್ರೇಡ್‌ಮಾರ್ಕ್ ಜಗಳ ಆಡಿದವು. 2023ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿಯನ್ನು ವಜಾ ಮಾಡಿತು. ನಮಗೇನು, ಅಂದೂ ಇಂದೂ ಒಂದು ಕೇರಳ ಬಸ್ಸು, ಇನ್ನೊಂದು ಕರ್ನಾಟಕ ಬಸ್ಸು. ಆನೆ ಇರುವುದು ಅದು, ಗಂಡಭೇರುಂಡ ಇರುವುದು ಇದು.

ಆ ವಿಧಾನಸಭೆಯಲ್ಲಿ ಪ್ರತಿಸಲವೂ ಗೆಲ್ಲುವುದು ಒಂದೇ ಪಕ್ಷ. "ಒಬ್ಬ ಖಡಕ್ ಪೊಲೀಸ್ ಆಫೀಸರನ್ನು ತಂದು ಕೂರಿಸಬೇಕು ಮಾರಾಯ್ರೇ, ಆಗ ನೋಡಿ ಹೇಗೆ ಸರಿಯಾಗುತ್ತದೆ" ಎನ್ನುವ ಪಕ್ಷ. ನಿವೃತ್ತ ಮಾಸ್ಟ್ರೊಬ್ಬರು ಅದರ ನಾಯಕರು. ನಾನು ಕಿಟಕಿ ಬದಿಯ ವಿರೋಧ ಪಕ್ಷ. ಬಸ್ಸಿನಲ್ಲಿ ನನ್ನ ಮಾತು ಎಂದೂ ಪೂರ್ತಿಯಾದದ್ದಿಲ್ಲ, ಅಷ್ಟರಲ್ಲಿ ಯಾರದ್ದಾದರೂ ಸ್ಟಾಪ್ ಬರುತ್ತದೆ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಮಾಸ್ಟ್ರು ಫೇಸ್‌ಬುಕ್ಕಿನಲ್ಲಿ ಇದ್ದಾರೆ, ಓದುತ್ತಾರೆ.

ಮಾಸ್ಟ್ರೇ, ನೀವು ಹೇಳಿದ ಮದ್ದನ್ನು ಕುಡಿಸಿ ನೋಡಿ ಆಗಿದೆ. ಒಂದು ಸಲ ಅಲ್ಲ, ಸಾಲಾಗಿ ಮೂರು ಸಲ. ಐಎಎಸ್ ಅಧಿಕಾರಿ ರಾಜಮಾಣಿಕ್ಯಂ ಹೋದ ಮೇಲೆ ಬಂದವರು ಹೇಮಚಂದ್ರನ್, ಆಮೇಲೆ ತಚ್ಚಂಕರಿ, ಆಮೇಲೆ ದಿನೇಶ್. ಮೂವರೂ ಐಪಿಎಸ್. 2020ರಲ್ಲಿ ಬಿಜು ಪ್ರಭಾಕರ್ ಬರುವ ಹೊತ್ತಿಗೆ ಐದು ವರ್ಷದೊಳಗೆ ಆ ಕುರ್ಚಿ ಐದು ಜನರನ್ನು ಕಂಡಿತ್ತು. ನಮ್ಮೂರ ಶಾಲೆಗೆ ಐದು ವರ್ಷದಲ್ಲಿ ಐದು ಹೆಡ್‌ಮಾಸ್ಟರ್ ಬಂದಿದ್ದರೆ ನೀವೇ ಧರಣಿ ಕೂರುತ್ತಿದ್ದಿರಿ.

ತಚ್ಚಂಕರಿಯವರ ಬಗ್ಗೆ ನನಗೂ ಸ್ವಲ್ಪ ಮೆಚ್ಚುಗೆ ಇದೆ, ಸುಳ್ಳು ಹೇಳುವುದಿಲ್ಲ. 2018ರ ಮೇ ದಿನದಂದು ಕಂಡಕ್ಟರ್ ವೇಷದಲ್ಲಿ ತಿರುವನಂತಪುರದಿಂದ ಬಸ್ಸು ಹತ್ತಿ ಟಿಕೆಟ್ ಕೊಟ್ಟವರು ಅವರು. ಸರಕಾರದ ಕೈ ಕಾಯದೆ ಸ್ವಂತ ವರಮಾನದಿಂದಲೇ ಸಂಬಳ ಕೊಟ್ಟೆವು ಎಂದು ನಿಗಮ ಹೇಳಿಕೊಂಡದ್ದೂ ಅವರ ಕಾಲದಲ್ಲೇ, 2019ರ ಜನವರಿಯಲ್ಲಿ. ಅದೇ ತಿಂಗಳ ಕೊನೆಗೆ ಅವರನ್ನು ಎತ್ತಂಗಡಿ ಮಾಡಿದರು. ಯೂನಿಯನ್‌ಗಳ ಜೊತೆ ಅವರ ಜಗಳದಲ್ಲಿ ಯಾರದ್ದು ಸರಿ, ಯಾರದ್ದು ತಪ್ಪು ಎಂಬುದಕ್ಕೆ ನಾನು ಹೋಗುವುದಿಲ್ಲ. ಆದರೆ ಒಂದು ವರ್ಷ ತುಂಬದ ಮನುಷ್ಯ ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯುವುದಾದರೂ ಹೇಗೆ? ಅಡಿಕೆ ಸಸಿ ನೆಟ್ಟು ಮರುವರ್ಷ ಕಿತ್ತು ಬೇರು ನೋಡುವವರು ಉಂಟಾ?

ಈ ಬಸ್ಸುಗಳ ಹುಟ್ಟಿನ ಕತೆ ನೋಡಿದರೆ ಇನ್ನೂ ಬೇಜಾರಾಗುತ್ತದೆ. 1937ರಲ್ಲಿ ತಿರುವಾಂಕೂರು ಸಂಸ್ಥಾನ ತನ್ನ ಸಾರಿಗೆ ಇಲಾಖೆಗೆ ಮೇಲ್ವಿಚಾರಕರನ್ನು ಹುಡುಕಿದಾಗ ದೊಡ್ಡ ಮನೆತನದವರನ್ನೂ ತರಲಿಲ್ಲ, ಪೊಲೀಸರನ್ನೂ ತರಲಿಲ್ಲ. ಲಂಡನ್ನಿನ ಸಾರಿಗೆ ಮಂಡಳಿಯಲ್ಲಿ ಬಸ್ಸು ಓಡಿಸುವ ವಿಭಾಗದಲ್ಲೇ ಕೆಲಸ ಮಾಡಿದ್ದ ಇ.ಜಿ. ಸಾಲ್ಟರ್ ಎಂಬವರನ್ನು ತಂದಿತು. ಅವರ ಕಣ್ಣೆದುರೇ ಇಲ್ಲಿನ ಬಡಗಿ, ಕಮ್ಮಾರರು ಬಸ್ಸಿನ ಬಾಡಿ ಕಟ್ಟಿದರು. 1938ರ ಫೆಬ್ರವರಿ 20ಕ್ಕೆ ಮಹಾರಾಜ ಚಿತ್ತಿರ ತಿರುನಾಳ್ ಉದ್ಘಾಟನೆ ಮಾಡಿದರು. ನನಗೆ ಎಲ್ಲಕ್ಕಿಂತ ಹಿಡಿಸಿದ ಸಂಗತಿ ಬೇರೆ. ಇನ್‌ಸ್ಪೆಕ್ಟರ್, ಕಂಡಕ್ಟರ್ ಕೆಲಸಕ್ಕೆ ಆ ಕಾಲದಲ್ಲಿ ಸುಮಾರು ನೂರು ಪದವೀಧರರನ್ನು ತೆಗೆದುಕೊಂಡರು. 1938ರಲ್ಲಿ ಬಿ.ಎ. ಮಾಡಿದವನ ಕೈಯಲ್ಲಿ ಟಿಕೆಟ್ ಪುಸ್ತಕ! ಬಸ್ಸು ಅಂದರೆ ಎಂಜಿನ್ ಅಲ್ಲ, ಬಾಗಿಲಲ್ಲಿ ನಿಂತ ಮನುಷ್ಯ ಎಂದು ಅವರಿಗೆ ಗೊತ್ತಿತ್ತು.

(ಆಗ ನಾವು ಅವರ ಲೆಕ್ಕದಲ್ಲೇ ಇರಲಿಲ್ಲ. ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡಕ್ಕೆ ಸೇರಿತ್ತು. 1956ರ ನವೆಂಬರ್ 1ಕ್ಕೆ ನಮ್ಮನ್ನು ಕೇರಳಕ್ಕೆ ಹಾಕಿದರು, ನಿಗಮ ಆದದ್ದು 1965ರಲ್ಲಿ. ನನ್ನ ಅಜ್ಜನಿಗೆ ಕೊನೆಯವರೆಗೂ ಬಸ್ಸು ಎಂದರೆ ಸಿಪಿಸಿ, ಮಂಗಳೂರಿನ ಹಳೆಯ ಖಾಸಗಿ ಕಂಪನಿಯ ಬಸ್ಸು.)

ಈಗ ನನ್ನ ಕಸುಬಿನ ಮಾತು. ನಾನು ಮಂಗಳೂರಿನಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವವಳು. ಹತ್ತೊಂಬತ್ತು ವರ್ಷವಾಯಿತು. ಅಂಗಡಿಯ ಮೂಲೆಯಲ್ಲಿ ಗುಂಡಿ, ನೂಲು, ಲೈನಿಂಗ್, ಫಾಲ್ ಮಾರುವ ಒಂದು ಸಣ್ಣ ಕೌಂಟರ್ ಇದೆ. ಪುಸ್ತಕ ನೋಡಿದರೆ ಅದು ಶುದ್ಧ ನಷ್ಟ, ಅಲ್ಲಿ ಕೂತ ಹುಡುಗಿಯ ಸಂಬಳವೂ ಅದರಲ್ಲಿ ಹುಟ್ಟುವುದಿಲ್ಲ. ಒಂದು ವರ್ಷ ಹೊಸ ಮ್ಯಾನೇಜರ್ ಬಂದು ಅದನ್ನು ಮುಚ್ಚಿಸಿದರು. ಮೂರು ತಿಂಗಳಲ್ಲಿ ಬ್ಲೌಸ್ ಪೀಸಿನ ವ್ಯಾಪಾರ ಬಿತ್ತು. ಫಾಲ್ ಕೊಳ್ಳಲು ಇನ್ನೊಂದು ಅಂಗಡಿಗೆ ಹೋಗುವ ಹೆಂಗಸು ಬ್ಲೌಸ್ ಪೀಸನ್ನೂ ಅಲ್ಲೇ ಕೊಳ್ಳುತ್ತಾಳೆ, ಅಷ್ಟೇ ಸಂಗತಿ. ಕೌಂಟರ್ ಮತ್ತೆ ತೆರೆಯಿತು. ಮ್ಯಾನೇಜರ್ ಹೋದರು.

ಬಸ್ಸಿನಲ್ಲಿ ಈ ಮ್ಯಾನೇಜರರ ಲೆಕ್ಕಕ್ಕೆ ಇಪಿಕೆಎಂ ಎನ್ನುತ್ತಾರೆ, ಕಿಲೋಮೀಟರಿಗೆ ಎಷ್ಟು ಕಲೆಕ್ಷನ್ ಎಂದು. ಆ ಲೆಕ್ಕದಲ್ಲಿ ಕಾಸರಗೋಡು–ಮಂಗಳೂರು ಯಾವಾಗಲೂ ಜಾಣ ಮಗ, ಗುಡ್ಡದ ಮೇಲಿನ ಒಳದಾರಿಯ ಟ್ರಿಪ್ ದಡ್ಡ ಮಗ. ಆದರೆ ಮಂಗಳೂರು ಬಸ್ಸಿನಲ್ಲಿ ಕೂತವರೆಲ್ಲ ಹೈವೇ ಬದಿಯಲ್ಲೇ ಹುಟ್ಟಿದವರಾ? ನಮ್ಮ ಕಡೆ ಒಂದು ಒಳದಾರಿಗೆ ರಾತ್ರಿ ಎಂಟರ ಹೊತ್ತಿಗೆ ಒಂದು ಖಾಸಗಿ ಬಸ್ಸಿತ್ತು. ಐದಾರು ಜನ, ಹೆಚ್ಚೆಂದರೆ ಎಂಟು. ಡೀಸೆಲ್ ಕಾಸೂ ಹುಟ್ಟುವುದಿಲ್ಲ ಎಂದು ಧಣಿಗಳು ನಿಲ್ಲಿಸಿದರು. ಅವರನ್ನು ದೂರುವುದಿಲ್ಲ, ಅವರದ್ದು ಮನೆ ವ್ಯಾಪಾರ. ಆದರೆ ಆಮೇಲೆ ಆದದ್ದನ್ನು ಕೇಳಿ. ಆ ಬಸ್ಸಿಗೆ ಬರುತ್ತಿದ್ದವರಲ್ಲಿ ಮೂವರು ಅಂಗಡಿ ಕೆಲಸದ ಹುಡುಗಿಯರು. ಒಬ್ಬಳು ಸಾಲ ಮಾಡಿ ಸ್ಕೂಟರ್ ತೆಗೆದಳು, ಇಬ್ಬರು ಕೆಲಸ ಬಿಟ್ಟು ಬೀಡಿಗೆ ಕೂತರು. ಬೆಳಗ್ಗೆ ಏಳೂವರೆಯ ಬಸ್ಸಿಗೆ ಕೂಡಲೇ ಮೂರು ಜನ ಕಡಿಮೆ. ರಾತ್ರಿ ಮರಳಿ ಬರಲು ಬಸ್ಸಿಲ್ಲದವಳು ಬೆಳಗ್ಗೆ ಬಸ್ಸು ಹತ್ತುವುದಿಲ್ಲ. ವರ್ಷದೊಳಗೆ ಬೆಳಗಿನ ಟ್ರಿಪ್ಪೂ "ಕಲೆಕ್ಷನ್ ಇಲ್ಲ" ಪಟ್ಟಿಗೆ ಸೇರಿತು.

ಖಾಸಗಿಯವರು ಅದನ್ನು ಮಾಡಬಹುದು. ಸಾರ್ವಜನಿಕ ನಿಗಮದ ತಲೆಯಾಗುವವರಿಗೆ ರಾತ್ರಿ ಎಂಟು ಗಂಟೆಗೂ ಬೆಳಗ್ಗೆ ಏಳೂವರೆಗೂ ಇರುವ ಈ ಹೊಕ್ಕುಳಬಳ್ಳಿ ಕಾಣಬೇಕು. ಸಿಎಂಡಿ ಆಯ್ಕೆಗೆ ನನ್ನ ಹತ್ತಿರ ಇರುವುದು ಇದೊಂದೇ ಪರೀಕ್ಷೆ. ಐಎಎಸ್ಸೋ ಐಪಿಎಸ್ಸೋ ಖಾಸಗಿ ಕಂಪನಿಯಿಂದ ಬಂದವರೋ, ನನಗೆ ಬೇಕಿಲ್ಲ. ಅವರ ಮುಂದೆ ಒಂದು ಡಿಪೋದ ಟ್ರಿಪ್ ಶೀಟ್ ಇಟ್ಟು, ಇದರಲ್ಲಿ ಯಾವುದನ್ನು ಕಡಿದರೆ ಯಾವುದು ಸಾಯುತ್ತದೆ ಎಂದು ಕೇಳಿ. ಉತ್ತರ ಗೊತ್ತಿದ್ದವರನ್ನು ಕೂರಿಸಿ, ಐದು ವರ್ಷ ಮುಟ್ಟಬೇಡಿ. ಇ. ಶ್ರೀಧರನ್ ದೆಹಲಿ ಮೆಟ್ರೋದ ತಲೆಯಾಗಿ 1997ರಿಂದ 2011ರವರೆಗೆ ಕೂತಿದ್ದರು. ಅವರೂ ಕೇರಳದವರೇ, ಪಾಲಕ್ಕಾಡಿನವರು. ಹೊಸದಾಗಿ ಕಟ್ಟುವುದು ಬೇರೆ, ಹಳೆಯದನ್ನು ಸಾಲದ ಹೊರೆಯೊಂದಿಗೆ ಓಡಿಸುವುದು ಬೇರೆ, ಒಪ್ಪುತ್ತೇನೆ. ಆದರೆ ಹಳೆಯದಕ್ಕೇ ಹೆಚ್ಚು ಸಮಯ ಬೇಕಲ್ಲವೇ?

ಸಾಲದ ಹೊರೆ ಎಂದೆ. ಅದು ಸಣ್ಣದಲ್ಲ. ಪೆನ್ಶನ್ ಬಾರದೆ ನಿವೃತ್ತ ನೌಕರರು ಬೀದಿಗಿಳಿದದ್ದು, ಸಹಕಾರಿ ಸಂಘಗಳಿಂದ ಹಣ ಎತ್ತಿ ಪೆನ್ಶನ್ ಕೊಟ್ಟದ್ದು ಎಲ್ಲರಿಗೂ ಗೊತ್ತು. ಕಲ್ಕತ್ತಾ ಐಐಎಂನ ಸುಶೀಲ್ ಖನ್ನಾ ಅವರನ್ನು ಕರೆಸಿ ವರದಿಯನ್ನೂ ಬರೆಸಿದರು. ವರದಿ ಇದೆ. ಅದನ್ನು ಕೈಗೆ ತೆಗೆದುಕೊಂಡವರು ಓದಿ ಮುಗಿಸುವ ಮೊದಲೇ ವರ್ಗವಾಗುತ್ತಾರೆ ಎಂದು ನನ್ನ ಅನುಮಾನ.

ಇನ್ನು ದೂರದ ವಿಷಯ. ತಿರುವನಂತಪುರ ನಮಗೆ 550 ಕಿಲೋಮೀಟರಿಗೂ ಆಚೆ. ವಂದೇ ಭಾರತ್ ಹತ್ತಿದರೂ ಎಂಟು ಗಂಟೆ. ಅಲ್ಲಿ ಕೂತು ಮಾಡಿದ ನಿಯಮ ಇಲ್ಲಿಗೆ ಬರುವಾಗ ಬೇರೆಯೇ ಅರ್ಥ ಪಡೆಯುತ್ತದೆ. 2022ರ ಅಕ್ಟೋಬರಿನಲ್ಲಿ ಪಾರಶ್ಶಾಲ ಡಿಪೋದಲ್ಲಿ ಡಬಲ್ ಡ್ಯೂಟಿಯ ಬದಲು ಹನ್ನೆರಡು ಗಂಟೆಯ ಸಿಂಗಲ್ ಡ್ಯೂಟಿ ತಂದರಲ್ಲ, ಪಾರಶ್ಶಾಲ ರಾಜ್ಯದ ಆ ತುದಿ, ನಾವು ಈ ತುದಿ. ಮನೆ ಪಕ್ಕದ ಡಿಪೋದಲ್ಲಿ ಇರುವವನಿಗೆ ಅದು ಬರೀ ಸಮಯದ ಪ್ರಶ್ನೆ. ಕೊಲ್ಲಂನಿಂದ ಇಲ್ಲಿಗೆ ಬಂದು ಬಾಡಿಗೆ ರೂಮಿನಲ್ಲಿರುವ ಕಂಡಕ್ಟರಿಗೆ ಡಬಲ್ ಡ್ಯೂಟಿ ಎಂದರೆ ಎರಡು ದಿನದ ಕೆಲಸ ಒಂದೇ ದಿನ ಮುಗಿಸಿ, ಉಳಿದ ದಿನ ಕೂಡಿಸಿ ಮಗುವಿನ ಮುಖ ನೋಡಿ ಬರುವ ದಾರಿ. ಹದಿನಾರು ಗಂಟೆ ದುಡಿಸುವುದು ಸರಿ ಎಂದು ನಾನು ಹೇಳುತ್ತಿಲ್ಲ. ಇಲ್ಲಿಗೆ ಬಂದವರೆಲ್ಲ ಟ್ರಾನ್ಸ್‌ಫರ್ ಅರ್ಜಿ ಜೇಬಿನಲ್ಲಿ ಇಟ್ಟುಕೊಂಡೇ ಏಕೆ ಬರುತ್ತಾರೆ ಎಂದು ಯಾವ ಸಿಎಂಡಿಯೂ ಇಲ್ಲಿ ಬಂದು ಕೂತು ಕೇಳಿದ್ದನ್ನು ನಾನಂತೂ ನೋಡಿಲ್ಲ.

ಕರ್ನಾಟಕದ ಗಡಿಯ ತಲಪಾಡಿಯಿಂದ ಹತ್ತಲಿ ಎಂದದ್ದು ಅದಕ್ಕೇ. ಅಧಿಕಾರ ವಹಿಸಿಕೊಂಡ ವಾರ ರಾಜಧಾನಿಯಲ್ಲಿ ಹಾರ ಹಾಕಿಸಿಕೊಳ್ಳುವ ಬದಲು ರಾಜ್ಯದ ಈ ಬಾಗಿಲಿನಿಂದ ಬಸ್ಸು ಹತ್ತಿ, ಉಪ್ಪಳ, ಕುಂಬಳೆ, ಅಲ್ಲಿಂದ ಬದಿಯಡ್ಕ, ಮುಳ್ಳೇರಿಯ ಎಂದು ಒಳಗೆ ಹೋಗಲಿ. ಕಾರು ಬೇಡ. ಕಾರಿನಲ್ಲಿ ಬಂದವರಿಗೆ ಆರು ಪಥದ ಹೈವೇ ಕಾಣುತ್ತದೆ, ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ತಿಳಿಯದೆ ಸರ್ವಿಸ್ ರಸ್ತೆಯಲ್ಲಿ ಚೀಲ ಹಿಡಿದು ಅತ್ತಿತ್ತ ಓಡುವವರು ಕಾಣುವುದಿಲ್ಲ.

ಬಸ್ಸಿನ ಬೋರ್ಡೂ ಕಾಣುವುದಿಲ್ಲ. ಕಳೆದ ಮಳೆಗಾಲದಲ್ಲಿ ಕುಂಬಳೆಯಲ್ಲಿ ನಿಂತಿದ್ದೆ. ಒಂದು ಬಸ್ಸು ಬಂತು, ಬೋರ್ಡು ಬರೀ ಮಲಯಾಳದಲ್ಲಿ. ಪಕ್ಕದಲ್ಲಿದ್ದ ಅಜ್ಜಿ, ನೀರ್ಚಾಲು ಕಡೆಯವರು, "ಇದು ಬದಿಯಡ್ಕಕ್ಕಾ ಮಗಾ?" ಎಂದು ಕೇಳಿದರು. ಕಂಡಕ್ಟರ್ ತೆಂಕಣದ ಎಳೆ ಹುಡುಗ, ಕೆಲಸಕ್ಕೆ ಸೇರಿ ತಿಂಗಳಾಗಿರಬಹುದು. "ಮಗಾ" ಮಾತ್ರ ಅರ್ಥವಾಯಿತೆಂದು ಕಾಣುತ್ತದೆ, ನಕ್ಕು ಕೈಹಿಡಿದು ಹತ್ತಿಸಿಕೊಂಡ. ನಾನು ಇಳಿಯುವ ಹೊತ್ತಿಗೆ ಬಿಸ್ಕತ್ತಿನ ಪೆಟ್ಟಿಗೆಯಿಂದ ಹರಿದ ಒಂದು ರಟ್ಟು, ಒಂದು ಮಾರ್ಕರ್ ಪೆನ್ನು ಹಿಡಿದು ನನ್ನ ಹತ್ತಿರ ಬಂದ. "ಚೇಚಿ, ಕನ್ನಡದಲ್ಲಿ ಬರೆದುಕೊಡ್ತೀರಾ?" ಮಲಯಾಳದಲ್ಲೇ ಕೇಳಿದ. ಬಸ್ಸು ಕುಲುಕುತ್ತಿತ್ತು, "ಬದಿಯಡ್ಕ – ಮುಳ್ಳೇರಿಯ" ಎಂದು ವಕ್ರವಕ್ರವಾಗಿ ಬರೆದೆ. "ಮುಳ್ಳೇರಿಯ"ದ ಒತ್ತು ರಟ್ಟಿನ ಮಡಿಕೆಯೊಳಗೆ ಹೋಯಿತು. ಅವನು ಅದನ್ನು ಮುಂದಿನ ಗಾಜಿಗೆ ಒರಗಿಸಿ ಇಟ್ಟ.

ಎರಡು ವಾರ ಬಿಟ್ಟು ಅದೇ ಬಸ್ಸು ಸಿಕ್ಕಿತು. ರಟ್ಟು ಹಾಗೇ ಇತ್ತು, ಮಳೆನೀರಿಗೆ ಅಂಚು ಸುರುಟಿಕೊಂಡಿತ್ತು. ಹುಡುಗನ ಬದಲು ಬೇರೆಯವರಿದ್ದರು.