ಎಲ್ಲರೂ ಬನ್ನಿ, ಬ್ಯಾಂಕ್ ಸ್ಟೇಟ್‌ಮೆಂಟ್ ತನ್ನಿ

ಅಂತರರಾಷ್ಟ್ರೀಯ ವಿಜ್ಞಾನ ಸಂಘಗಳಿಗೆ ಕೆಲವು ವರ್ಷಗಳಿಂದ ಹೊಸದೊಂದು ಕಾಳಜಿ ಶುರುವಾಗಿದೆ. ಪ್ರಪಂಚದಲ್ಲಿ ಬಾಸ್ಟನ್, ಲಂಡನ್, ಜ್ಯೂರಿಕ್ ಬಿಟ್ಟು ಬೇರೆ ಊರುಗಳೂ ಇವೆ, ಅಲ್ಲೂ ಜನ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತಿರುತ್ತಾರೆ ಅನ್ನೋದು ಅವಕ್ಕೆ ಗೊತ್ತಾಗಿದೆ. ಗೊತ್ತಾದ ತಕ್ಷಣ ಏನು ಮಾಡಬೇಕು? ಕಮಿಟಿ ಮಾಡಬೇಕು. ಮಾಡಿದ್ದಾರೆ. ಹೆಸರು ಇನ್‌ಕ್ಲೂಷನ್ ಕಮಿಟಿ, ಅಂದರೆ ಎಲ್ಲರನ್ನೂ ಒಳಗೆ ಸೇರಿಸಿಕೊಳ್ಳುವ ಕಮಿಟಿ. ಯಾವ ಸಂಘದ್ದು ಅಂತ ಹೇಳಲ್ಲ. ಹೇಳಿದರೆ ಒಂದಕ್ಕೆ ಬೇಜಾರು, ಬಿಟ್ಟುಹೋದ ಹತ್ತಕ್ಕೆ ಹೊಟ್ಟೆಕಿಚ್ಚು.

ಕಮಿಟಿಯ ಸಭೆ ಆನ್‌ಲೈನ್. ಯಾವ ಖಂಡದವರು ಬೇಕಾದರೂ ಸೇರಬಹುದು. ಸಮಯ ನ್ಯೂಯಾರ್ಕಿನ ಮಧ್ಯಾಹ್ನ 3 ಗಂಟೆ. ಅಂದರೆ ಬೇಸಿಗೆಯಲ್ಲಿ ನಮಗೆ ರಾತ್ರಿ 12.30, ಚಳಿಗಾಲದಲ್ಲಿ 1.30. ನಮ್ಮ ಪ್ರತಿನಿಧಿ ಮನೆಯವರೆಲ್ಲ ಮಲಗಿದ ಮೇಲೆ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಮ್ಯೂಟ್ ಮಾಡಿಕೊಂಡು ಆಕಳಿಸುತ್ತಾರೆ. ಮಾರನೇ ದಿನ ಸಭೆಯ ನಡಾವಳಿ ಬರುತ್ತದೆ: ಏಷ್ಯಾದ ಸದಸ್ಯರು ಹೆಚ್ಚು ಮಾತಾಡಲಿಲ್ಲ, ಅವರಿಗೆ ಆತ್ಮವಿಶ್ವಾಸದ ತರಬೇತಿ ಕೊಡಿಸುವುದು ಒಳ್ಳೆಯದು.

ಅದಿರಲಿ, ಕಪ್ಪೆಗಳ ವಿಷಯಕ್ಕೆ ಬರೋಣ. ಪಶ್ಚಿಮ ಘಟ್ಟದ ಕಪ್ಪೆಗಳನ್ನು ಬ್ರಿಟಿಷರ ಕಾಲದಲ್ಲಿ ಹಿಡಿದು, ಸ್ಪಿರಿಟ್ ತುಂಬಿದ ಸೀಸೆಗೆ ಹಾಕಿ, ಹಡಗು ಹತ್ತಿಸಿ ಕಳಿಸಿದರು. ಹೊಸ ಜಾತಿಗೆ ಹೆಸರಿಡುವಾಗ ಆಧಾರವಾಗಿ ಇಟ್ಟುಕೊಳ್ಳುವ ಜೀವಿಗೆ ಟೈಪ್ ಸ್ಪೆಸಿಮನ್ ಅಂತಾರೆ. ಮುಂದೆ ಯಾರೇ ಆ ಜಾತಿಯ ಬಗ್ಗೆ ಖಚಿತವಾಗಿ ಮಾತಾಡಬೇಕಾದರೂ ಅದನ್ನೇ ನೋಡಬೇಕು. ನಮ್ಮ ಘಟ್ಟದ ಎಷ್ಟೋ ಕಪ್ಪೆಗಳ ಟೈಪ್ ಸ್ಪೆಸಿಮನ್ ಇವತ್ತಿಗೂ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿವೆ. ಆ ಕಪ್ಪೆಗಳನ್ನು ಯಾರೂ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಲಿಲ್ಲ. ವಾಪಸ್ ಹೋಗ್ತೀಯಾ ಅಂತಲೂ ಕೇಳಲಿಲ್ಲ. ಅವು ಹೋಗಲೂ ಇಲ್ಲ.

ಅವೇ ಕಪ್ಪೆಗಳ ವಂಶದವರ ಕೂಗನ್ನು ಆಗುಂಬೆಯ ಮಳೆಯಲ್ಲಿ ರೆಕಾರ್ಡ್ ಮಾಡುವ ಹುಡುಗಿಯೊಬ್ಬಳು ನನಗೆ ಗೊತ್ತು. ತೀರ್ಥಹಳ್ಳಿ ಕಡೆಯವಳು, ಬೆಂಗಳೂರಿನಲ್ಲಿ ಪಿಎಚ್‌ಡಿ. ಉಷ್ಣವಲಯದ ಜೀವಿಗಳ ಬಗ್ಗೆ ಯುರೋಪಿನಲ್ಲಿ ಇಂಥದೇ ಒಂದು ಸಂಘದ ಸಮ್ಮೇಳನ. ಉಷ್ಣವಲಯದ ಸಮ್ಮೇಳನ ಸ್ವೆಟರ್ ಹಾಕಿಕೊಂಡು ಮಾಡುವ ಊರಲ್ಲಿ ಯಾಕೆ ಅಂತ ಕೇಳಬೇಡಿ. ಅದು ಪದ್ಧತಿ. ಇವಳ ಪ್ರಬಂಧ ಆಯ್ಕೆಯಾಯಿತು. 'ನಿಮ್ಮಂಥ ಪ್ರದೇಶದವರ ದನಿ ನಮಗೆ ಬಹಳ ಮುಖ್ಯ' ಅಂತ ಪತ್ರವೂ ಬಂತು.

ಮೊದಲ ತೊಡಕು ನೋಂದಣಿ ಫಾರ್ಮಿನಲ್ಲೇ. ಸರ್‌ನೇಮ್ ತುಂಬದೆ ಮುಂದಕ್ಕೆ ಬಿಡುತ್ತಿಲ್ಲ. ಇವಳಿಗೆ ಇರುವುದು ಒಂದು ಹೆಸರು, ಜೊತೆಗೆ ಊರಿನದೊಂದು ಅಪ್ಪನದೊಂದು ಇನಿಷಿಯಲ್. ಇದು ಅರ್ಧ ಕರ್ನಾಟಕದ ಗೋಳು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದನ್ನು ಸರ್‌ನೇಮ್ ಜಾಗಕ್ಕೆ ಹಾಕಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಅಚ್ಚು ಹಾಕುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರರ್ಥ. ಅಪ್ಪ ಅಮ್ಮ ತೊಟ್ಟಿಲಲ್ಲಿ ಹಾಕಿ, ಕಿವಿಯಲ್ಲಿ ಮೂರು ಸಲ ಕೂಗಿ ಇಟ್ಟ ಹೆಸರು!

ಆಮೇಲೆ ವೀಸಾ ಫೈಲು. ಆ ಫೈಲನ್ನು ನಾನು ಕಣ್ಣಾರೆ ನೋಡಿದ್ದೇನೆ, ಥೀಸಿಸ್‌ಗಿಂತ ದಪ್ಪ ಇತ್ತು. ಆಮಂತ್ರಣ ಪತ್ರ, ಸಂಸ್ಥೆಯ ಎನ್‌ಒಸಿ, ಹೋಗಿ ಬರುವ ಟಿಕೆಟ್ ಬುಕಿಂಗ್, ಹೋಟೆಲ್ ಬುಕಿಂಗ್, 30,000 ಯೂರೋ ತನಕ ಖರ್ಚು ಭರಿಸುವ ಇನ್ಶೂರೆನ್ಸ್, ತಿಂಗಳುಗಟ್ಟಲೆ ಬ್ಯಾಂಕ್ ಸ್ಟೇಟ್‌ಮೆಂಟ್. ವಾಪಸ್ ಬರುತ್ತಾಳೆ ಅನ್ನೋದಕ್ಕೆ ಗಟ್ಟಿ ಸಾಕ್ಷಿ ಬೇಕಲ್ಲ, ಅದಕ್ಕೆ ಅಪ್ಪನ ಅಡಿಕೆ ತೋಟದ ಪಹಣಿ. ಪಹಣಿ ಕನ್ನಡದಲ್ಲಿದೆ. ಅದಕ್ಕೊಂದು ಇಂಗ್ಲಿಷ್ ಅನುವಾದ, ಅದರ ಮೇಲೊಂದು ನೋಟರಿ ಸೀಲು. ಕಪ್ಪೆ ಯಾಕೆ ಕೂಗುತ್ತದೆ ಅಂತ ಹನ್ನೆರಡು ನಿಮಿಷ ಹೇಳೋಕೆ ಸರ್ವೆ ನಂಬರು, ಖರಾಬು ಎಷ್ಟು ಗುಂಟೆ, ಎಲ್ಲ ಒಪ್ಪಿಸಬೇಕು.

ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗನ್ ವೀಸಾದ ಶುಲ್ಕ 2024ರ ಜೂನ್‌ನಲ್ಲಿ 80 ಯೂರೋದಿಂದ 90ಕ್ಕೆ ಏರಿತು. ವೀಸಾ ಕೊಡದಿದ್ದರೂ ದುಡ್ಡು ವಾಪಸ್ ಇಲ್ಲ. ಇವಳಿಗೆ ಕೊಡಲಿಲ್ಲ. ನಿರಾಕರಣೆಗೆ ಒಂದು ಅಚ್ಚು ಮಾಡಿದ ಹಾಳೆ ಇರುತ್ತದೆ, ಕಾರಣಗಳ ಪಟ್ಟಿ ಮೊದಲೇ ತಯಾರು, ಅವರು ಟಿಕ್ ಹಾಕಿದರೆ ಆಯಿತು. ಇವಳದರಲ್ಲಿ ಟಿಕ್ ಬಿದ್ದದ್ದು, ನೀವು ನಮ್ಮ ನೆಲ ಬಿಟ್ಟು ಹೋಗುವ ಉದ್ದೇಶದ ಬಗ್ಗೆ ಸಕಾರಣ ಅನುಮಾನವಿದೆ ಅನ್ನುವ ಸಾಲಿಗೆ.

ಊರಿಗೆ ಫೋನ್ ಮಾಡಿದಳು. ಅಪ್ಪಯ್ಯನಿಗೆ ಲೆಕ್ಕ ಹತ್ತಲಿಲ್ಲ.

"ಅಲ್ಲ ಮಾರಾಯ್ತಿ, ಕರೆದೋರು ಅವ್ರೇ ಅಲ್ವಾ?"

"ಹೌದು ಅಪ್ಪಯ್ಯ."

"ಬೇಡ ಅಂದೋರು?"

"ಅವರು ಬೇರೆ."

"ಒಂದೇ ಊರಿನೋರಲ್ವನೇ? ಒಂದ್ಸಲ ಕೂತು ಮಾತಾಡ್ಕೊಳ್ಳಕೆ ಏನು ಧಾಡಿ?"

ಇಡೀ ಪ್ರಕರಣದಲ್ಲಿ ಸರಿಯಾದ ಪ್ರಶ್ನೆ ಕೇಳಿದವರು ಅವರೊಬ್ಬರೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತೀವಲ್ಲ, ಇಲ್ಲಿ ದೇವರಿಗೆ ಪೂಜಾರಿಯ ಪರಿಚಯವೇ ಇಲ್ಲ. ಸಂಘವನ್ನು ಕೇಳಿದರೆ 'ವೀಸಾ ನಮ್ಮ ಕೈಲಿಲ್ಲ' ಅನ್ನುತ್ತದೆ. ನಿಜ, ಇಲ್ಲ. ಆದರೆ ಊರು ಆರಿಸೋದು ಯಾರ ಕೈಲಿದೆ?

ಇದು ಬರೀ ಪಿಎಚ್‌ಡಿ ಮಕ್ಕಳ ಕಷ್ಟ ಅಂದುಕೊಳ್ಳಬೇಡಿ. 2022ರಲ್ಲಿ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನ ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆಯಿತು. ಎಚ್‌ಐವಿಯ ದೊಡ್ಡ ಹೊರೆ ಹೊತ್ತಿರುವುದು ಆಫ್ರಿಕಾ. ಅಲ್ಲಿಂದ ಹೊರಟ ನೂರಾರು ಜನರಿಗೆ ವೀಸಾ ಸಿಗಲಿಲ್ಲ, ಕೆಲವರಿಗೆ ಉತ್ತರವೇ ಬರಲಿಲ್ಲ. ವಿಶ್ವಸಂಸ್ಥೆಯ ಏಡ್ಸ್ ವಿಭಾಗದ ಮುಖ್ಯಸ್ಥೆ, ಉಗಾಂಡಾದ ವಿನ್ನಿ ಬ್ಯಾನ್ಯಿಮಾ ಅವರನ್ನೇ ಜಿನೀವಾ ವಿಮಾನ ನಿಲ್ದಾಣದಲ್ಲಿ ತಡೆದು, ಕಾಗದಗಳನ್ನು ಮತ್ತೆ ಮತ್ತೆ ತಿರುವಿಹಾಕಿ, ಕೊನೆಯವರಾಗಿ ಹತ್ತಿಸಿದರು. ಉದ್ಘಾಟನೆಯಲ್ಲಿ ಮಾತಾಡಬೇಕಿದ್ದ ಕೆನಡಾದ ಮಂತ್ರಿಯೊಬ್ಬರು ವೇದಿಕೆಗೆ ಬರಲಿಲ್ಲ. ಅವರಿಗೆ ವೀಸಾ ಸಮಸ್ಯೆ ಇರಲಿಲ್ಲ.

ಖಗೋಳ ವಿಜ್ಞಾನಿಗಳದು ಇನ್ನೊಂದು ಕಥೆ. ಅವರ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿದ್ದು 1919ರಲ್ಲಿ. ಮಹಾಸಭೆ ಮೊದಲ ಸಲ ಆಫ್ರಿಕಾದಲ್ಲಿ, ಕೇಪ್ ಟೌನ್‌ನಲ್ಲಿ, ಸೇರಿದ್ದು 2024ರಲ್ಲಿ. ಕೋಟಿಗಟ್ಟಲೆ ಜ್ಯೋತಿರ್ವರ್ಷ ದೂರದ್ದನ್ನು ನೋಡೋರು ಅಲ್ವಾ, ಹತ್ತಿರದ್ದು ಫೋಕಸ್ ಆಗೋಕೆ 105 ವರ್ಷ ಬೇಕಾಯಿತು. ಗಣಿತಜ್ಞರು 1897ರಿಂದ ಮಹಾಸಮ್ಮೇಳನ ಮಾಡುತ್ತಿದ್ದಾರೆ. 2010ರಲ್ಲಿ ಹೈದರಾಬಾದಿಗೆ ಬಂದರು, ಸಂತೋಷ. ಭೂಮಧ್ಯರೇಖೆ ದಾಟಿದ್ದು 2018ರಲ್ಲಿ, ರಿಯೋ ಡಿ ಜನೈರೋಗೆ. ಆಫ್ರಿಕಾಕ್ಕೆ ಇನ್ನೂ ಹೋಗಿಲ್ಲ.

ಪ್ರಯತ್ನ ಪಟ್ಟವರಿಲ್ಲ ಅಂತಲ್ಲ. ಕೃತಕ ಬುದ್ಧಿಮತ್ತೆಯ ದೊಡ್ಡ ಸಮ್ಮೇಳನವೊಂದಕ್ಕೆ ಹೊರಟ ಆಫ್ರಿಕಾದ ಸಂಶೋಧಕರಿಗೆ 2018ರಲ್ಲಿ ಕೆನಡಾ ವೀಸಾ ಸಿಗದೆ ಗಲಾಟೆಯಾಯಿತು. ಅದೇ ಕ್ಷೇತ್ರದ ಐಸಿಎಲ್‌ಆರ್ ಸಮ್ಮೇಳನದವರು, ನಾವೇ ಅಲ್ಲಿಗೆ ಹೋಗ್ತೀವಿ ಅಂತ 2020ಕ್ಕೆ ಇಥಿಯೋಪಿಯಾದ ಆಡಿಸ್ ಅಬಾಬಾ ಗೊತ್ತು ಮಾಡಿದರು. ಆ ವರ್ಷ ಕೊರೋನಾ ಬಂತು. ಛಲ ಬಿಡದೆ 2023ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಮಾಡಿಯೇ ಮಾಡಿದರು. ಆಕಾಶ ಏನೂ ಕಳಚಿ ಬೀಳಲಿಲ್ಲ. ಉಳಿದ ಸಂಘಗಳಿಗೆ ಇದು ತುಂಬ ಮುಜುಗರದ ಉದಾಹರಣೆ, ಅದಕ್ಕೇ ಅವು ಈ ಮಾತು ಎತ್ತೋದೇ ಇಲ್ಲ.

ಅಮೆರಿಕದ ಬಾಗಿಲಲ್ಲಿ ಹಾಳೆಗೆ ಟಿಕ್ ಹಾಕುವ ಮೊದಲು ಕ್ಯೂ ಇದೆ. 2022ರ ಕೊನೆಯಲ್ಲಿ ಮುಂಬೈಯಲ್ಲಿ ಪ್ರವಾಸಿ ವೀಸಾ ಸಂದರ್ಶನಕ್ಕೆ ಕಾಯುವ ಅವಧಿ ಸಾವಿರ ದಿನದ ಹತ್ತಿರ ತೋರಿಸುತ್ತಿತ್ತು. ಸಮ್ಮೇಳನಕ್ಕೆ ಹೋಗುವವರದೂ ಅದೇ ಸಾಲು. ಅಂದರೆ ಇನ್ನೂ ಮಾಡದ ಪ್ರಯೋಗದ, ಇನ್ನೂ ಬರೆಯದ ಪ್ರಬಂಧ ಓದಲು ಇವತ್ತೇ ಸ್ಲಾಟ್ ಹಿಡಿಯಬೇಕು. ವಿಜ್ಞಾನಿಗಿಂತ ಜ್ಯೋತಿಷಿಗೆ ಸಲೀಸು. ಬೆಂಗಳೂರಿನವರು ಇಷ್ಟು ವರ್ಷ ಇದಕ್ಕೆ ಚೆನ್ನೈಗೋ ಹೈದರಾಬಾದಿಗೋ ಓಡುತ್ತಿದ್ದರು. 2025ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತು, ನಾವೆಲ್ಲ ಚಪ್ಪಾಳೆ ತಟ್ಟಿದೆವು. ವೀಸಾ ಕೊಡುವ ಕೆಲಸವೊಂದು ಮಾತ್ರ ಆಗ ಶುರುವಾಗಲಿಲ್ಲ.

ಹೋಗಲಿ, ಊರಲ್ಲೇ ಕೂತು ಜರ್ನಲ್‌ಗೆ ಬರೆಯೋಣ ಅಂದರೆ? ಎಲ್ಲರೂ ಪುಕ್ಕಟೆ ಓದಲಿ ಅಂತ ಓಪನ್ ಆಕ್ಸೆಸ್ ಬಂತು. ಓದುವವನಿಗೆ ಪುಕ್ಕಟೆ ಆಯಿತು, ಬರೆಯುವವನಿಗೆ ಬಿಲ್ ಬಂತು. 2021ರಲ್ಲಿ ನೇಚರ್ ಪತ್ರಿಕೆ ಇಟ್ಟ ದರ ಒಂದು ಪ್ರಬಂಧಕ್ಕೆ 9,500 ಯೂರೋ. ಆಗಿನ ಲೆಕ್ಕದಲ್ಲಿ ಎಂಟು ಲಕ್ಷ ರೂಪಾಯಿಗೂ ಜಾಸ್ತಿ. ಆಗ ಜೂನಿಯರ್ ರಿಸರ್ಚ್ ಫೆಲೋಗೆ ಸಿಗುತ್ತಿದ್ದದ್ದು ತಿಂಗಳಿಗೆ 31,000. ಎರಡು ವರ್ಷ ಊಟ ಬಿಟ್ಟು, ಪಿಜಿ ಬಾಡಿಗೆ ಕಟ್ಟದೆ ಕೂಡಿಟ್ಟರೂ ಸಾಲದು. ಬಡ ದೇಶಗಳಿಗೆ ರಿಯಾಯಿತಿ ಇದೆ ಅಂತಾರೆ. ನಾವು ವಿಶ್ವಬ್ಯಾಂಕಿನ ಪಟ್ಟಿಯಲ್ಲಿ ಕೆಳ ಮಧ್ಯಮ ಆದಾಯದವರೇ. ಆದರೆ ಒಟ್ಟು ಜಿಡಿಪಿ ದೊಡ್ಡದು ಅಂತ ದೊಡ್ಡ ಪ್ರಕಾಶಕರ ಪೂರ್ತಿ ಮಾಫಿ ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ. ನೂರ ನಲವತ್ತು ಕೋಟಿ ಜನರ ಒಟ್ಟು ಆದಾಯ ನೋಡಿ ಒಬ್ಬ ಹುಡುಗಿಗೆ ಬಿಲ್ ಮಾಡುವ ಲೆಕ್ಕ ಇದು. ನಮ್ಮ ಸರ್ಕಾರ 2024ರ ನವೆಂಬರ್‌ನಲ್ಲಿ ಒಂದು ರಾಷ್ಟ್ರ ಒಂದು ಚಂದಾ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ಕೊಟ್ಟಿತು. ಮುಖ್ಯವಾಗಿ ಅದು ಓದೋಕೆ.

ಬೈಯೋದು ಬರೀ ಅವರನ್ನೇ ಆದರೆ ನ್ಯಾಯವಲ್ಲ. ನಮ್ಮವರೇನು ಕಡಿಮೆಯೇ? 2021ರ ಜನವರಿಯಲ್ಲಿ ಇಡೀ ಜಗತ್ತು ಝೂಮ್‌ನಲ್ಲಿ ಕೂತಿದ್ದಾಗ, ನಮ್ಮ ಶಿಕ್ಷಣ ಸಚಿವಾಲಯ ಒಂದು ಆದೇಶ ಹೊರಡಿಸಿತು. ದೇಶದ ಭದ್ರತೆ, ಗಡಿ, ಆಂತರಿಕ ವಿಷಯಗಳ ಬಗ್ಗೆ ಅಂತರರಾಷ್ಟ್ರೀಯ ಆನ್‌ಲೈನ್ ಸಭೆ ಮಾಡಬೇಕಾದರೆ ಸರ್ಕಾರಿ ಸಂಸ್ಥೆಗಳು ವಿದೇಶಾಂಗ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು ಅಂತ. ಆಂತರಿಕ ಯಾವುದು, ಅಲ್ಲದ್ದು ಯಾವುದು? ಮಲೆನಾಡಿನ ಕಪ್ಪೆ ಆಂತರಿಕವೇ ತಾನೆ? ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿ ವಿಜ್ಞಾನಿಗಳು ಆಕ್ಷೇಪ ಎತ್ತಿದ ಮೇಲೆ ಫೆಬ್ರವರಿಯಲ್ಲಿ ಅದನ್ನು ವಾಪಸ್ ಪಡೆದರು.

ಇನ್ನು ಆ ಸೀಸೆಗಳ ವಿಷಯ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದ ಸಿ.ಆರ್. ನಾರಾಯಣ ರಾವ್ ಕಪ್ಪೆಗಳ ದೊಡ್ಡ ವಿದ್ವಾಂಸರು, ಕರೆಂಟ್ ಸೈನ್ಸ್ ಪತ್ರಿಕೆಯ ಮೊದಲ ಸಂಪಾದಕರು. 1937ರಲ್ಲಿ ದಕ್ಷಿಣ ಭಾರತದ ಹೊಸ ಕಪ್ಪೆಗಳನ್ನು ವಿವರಿಸಿ ಬರೆದರು. ರಾವೋರ್ಕೆಸ್ಟಿಸ್ ಅಂತ ಒಂದು ಕಪ್ಪೆ ಕುಲಕ್ಕೆ ಅವರ ಹೆಸರೇ ಇದೆ. ಅವರು ಇಲ್ಲೇ ಜೋಪಾನ ಮಾಡಿಟ್ಟ ಟೈಪ್ ಸ್ಪೆಸಿಮನ್‌ಗಳು? ಕಳೆದುಹೋಗಿವೆ. ಲಂಡನ್ನಿಗೆ ಹೋದವು ಲೇಬಲ್ ಸಮೇತ ಉಳಿದವು. ಇದನ್ನು ಬರೆಯೋಕೆ ನನಗೂ ಖುಷಿಯಿಲ್ಲ.

ನಮ್ಮ ಸಮ್ಮೇಳನಗಳಲ್ಲಿ ಕಲಬುರಗಿಯಿಂದ ರಾತ್ರಿ ರೈಲಲ್ಲಿ ಬಂದ ಹುಡುಗ ಎಲ್ಲಿ ಕೂರುತ್ತಾನೆ ನೋಡಿ. ಮುಂದಿನ ಎರಡು ಸಾಲು ಗಣ್ಯರಿಗೆ ಅಂತ ಬಿಳಿ ಬಟ್ಟೆ ಹೊದಿಸಿರುತ್ತಾರೆ. ದೀಪ, ಪ್ರಾರ್ಥನೆ, ಶಾಲು, ಪೇಟ ಮುಗಿಯುವಷ್ಟರಲ್ಲಿ ಹನ್ನೊಂದೂವರೆ. ಅವನ ಪೋಸ್ಟರು ಟಾಯ್ಲೆಟ್ ಪಕ್ಕದ ಕಾರಿಡಾರಿನಲ್ಲಿ. ಮಧ್ಯಾಹ್ನ ಕೂಪನ್ ಹಿಡಿದು ನಿಂತವನನ್ನು, "ಏನಪ್ಪಾ, ಡೆಲಿಗೇಟಾ? ಬ್ಯಾಡ್ಜ್ ಎಲ್ಲಿ?" ಅಂತ ವಿಚಾರಿಸಿಕೊಳ್ಳೋರು ಒಬ್ಬರು ಇದ್ದೇ ಇರುತ್ತಾರೆ. ಬಾಸ್ಟನ್ನಿನವರು ಬೆಂಗಳೂರಿಗೆ ಮಾಡಿದ್ದನ್ನು ಬೆಂಗಳೂರು ಕಲಬುರಗಿಗೆ ವರ್ಗಾಯಿಸಿದೆ, ಅದೂ ಪೂರ್ತಿ ಸ್ವದೇಶಿ ತಂತ್ರಜ್ಞಾನದಲ್ಲಿ.

ತಡವಾದರೂ ಬಾಗಿಲು ತೆರೆಯುತ್ತದೆ ಅಂತ ಸಮಾಧಾನ ಹೇಳೋರೂ ಇದ್ದಾರೆ. ಹೌದು. 1660ರಲ್ಲಿ ಶುರುವಾದ ಲಂಡನ್ನಿನ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿ ಮಹಿಳೆಯರನ್ನು ಫೆಲೋ ಮಾಡಿದ್ದು 1945ರಲ್ಲಿ. ಭಾರತದಲ್ಲೇ ಇದ್ದು ಕೆಲಸ ಮಾಡುತ್ತಿದ್ದ ಮಹಿಳೆಯೊಬ್ಬರು, ಗಗನ್‌ದೀಪ್ ಕಾಂಗ್, ಆಯ್ಕೆಯಾದದ್ದು 2019ರಲ್ಲಿ. ನಮ್ಮ ಸಿ.ವಿ. ರಾಮನ್ ಒಳಗೆ ಹೋದದ್ದು 1924ರಲ್ಲಿ, 1968ರಲ್ಲಿ ರಾಜೀನಾಮೆ ಕೊಟ್ಟು ಎದ್ದು ಬಂದರು. ಹೊರಗೆ ಬರೋಕೆ ಯಾರೂ ಪಹಣಿ ಕೇಳುವುದಿಲ್ಲ, ಅದೊಂದು ಅನುಕೂಲ.

ನಮ್ಮ ಹುಡುಗಿಯನ್ನು ಕರೆದ ಸಂಘ ಕೈಕಟ್ಟಿ ಕೂರಲಿಲ್ಲ ಅನ್ನೋದನ್ನು ಹೇಳಲೇಬೇಕು. ವೀಸಾ ಸಿಗದವರಿಗೆ ವಿಡಿಯೋ ಕಳಿಸುವ ಅವಕಾಶ ಕೊಟ್ಟಿತು. ನೋಂದಣಿ ಶುಲ್ಕ ಮಾತ್ರ ಹಾಗೇ, ಯಾಕಂದರೆ ಅದರಲ್ಲಿ ಕಾಫಿ, ಊಟ ಮತ್ತು ಒಂದು ಬಟ್ಟೆ ಚೀಲ ಸೇರಿದೆ. ವಿಡಿಯೋವನ್ನು ಊಟದ ಹೊತ್ತಿನಲ್ಲಿ ಯಾವುದೋ ರೂಮಿನಲ್ಲಿ ಹಾಕಿದರಂತೆ. ಪ್ರಶ್ನೆ ಕೇಳಿದವರು ಯಾರೂ ಇಲ್ಲ, ಯಾಕಂದರೆ ಇದ್ದವರೂ ಯಾರೂ ಇಲ್ಲ.

ವಾರ ಕಳೆದ ಮೇಲೆ ಅಭಿಪ್ರಾಯ ಸಂಗ್ರಹದ ಫಾರ್ಮು ಬಂತು. ಸಮ್ಮೇಳನದ ಸಭಾಂಗಣ ಹೇಗಿತ್ತು? ಸಿಬ್ಬಂದಿ ನಗುಮುಖದಿಂದ ಬರಮಾಡಿಕೊಂಡರೇ? ಸಸ್ಯಾಹಾರಿಗಳಿಗೆ ಊಟದಲ್ಲಿ ಸಾಕಷ್ಟು ಆಯ್ಕೆ ಇತ್ತೇ? ಖಾಲಿ ಬಿಟ್ಟರೆ ಫಾರ್ಮು ಮುಂದಕ್ಕೆ ಹೋಗುವುದಿಲ್ಲ. ಆ ದಿನಗಳಲ್ಲಿ ಅವಳು ಊರಲ್ಲಿ ಅಮ್ಮ ಮಾಡಿದ ಕೊಟ್ಟೆ ಕಡುಬು ತಿನ್ನುತ್ತಿದ್ದಳು. ಊಟಕ್ಕೆ ಐದಕ್ಕೆ ಐದು ಕೊಟ್ಟಳು. ಸಂಘದ ಮುಂದಿನ ಸುದ್ದಿಪತ್ರದಲ್ಲಿ ಕಮಿಟಿಯ ವರದಿ ಬಂದಿದೆ: ದಕ್ಷಿಣ ಏಷ್ಯಾದ ಪ್ರತಿನಿಧಿಗಳಿಗೆ ಈ ಸಲ ಆತಿಥ್ಯ ಬಹಳ ಹಿಡಿಸಿದೆ.