ಎಂತ ಇಲ್ಲ ಮಾರಾಯ್ರೆ

ಆ ದೀಪ ನನ್ನ ಕಣ್ಣಿಗೆ ಬಿದ್ದದ್ದು ಕಲ್ಸಂಕದಲ್ಲಿ. ಉಡುಪಿಯಲ್ಲಿ ಕಾರು ಓಡಿಸುವವರಿಗೆ ಡ್ಯಾಶ್‌ಬೋರ್ಡ್ ನೋಡಲು ಪುರುಸೊತ್ತು ಸಿಗುವ ಜಾಗ ಅದೊಂದೇ ಅಲ್ವಾ? ಮುಂದೆ ಬಸ್ಸು, ಹಿಂದೆ ಬಸ್ಸು, ಪಕ್ಕದಲ್ಲಿ ರಿಕ್ಷಾ, ಮೇಲಿಂದ ಆಟಿ ತಿಂಗಳ ಮಳೆ. ಸ್ಟೇರಿಂಗಿನ ಹಿಂದೆ 'ಎಬಿಎಸ್' ಎಂಬ ಹಳದಿ ದೀಪ ಹಾಯಾಗಿ ಉರಿಯುತ್ತಿತ್ತು.

ಗಾಡಿ ಸ್ಟಾರ್ಟ್ ಮಾಡುವಾಗ ಎರಡು ಮೂರು ಸೆಕೆಂಡ್ ಹತ್ತಿ ಆರಿಹೋಗಬೇಕಾದ ದೀಪ ಅದು. ಗಟ್ಟಿ ಬ್ರೇಕಿಗೆ ಚಕ್ರ ಲಾಕ್ ಆಗದಂತೆ ಕಾಯುವುದು ಈ ಎಬಿಎಸ್. ದೀಪ ಆರದಿದ್ದರೆ, ಬ್ರೇಕ್ ಹಿಡಿಯುತ್ತದೆ, ಆದರೆ ಗಟ್ಟಿಯಾಗಿ ತುಳಿದರೆ ಚಕ್ರ ಲಾಕ್ ಆಗಿ ಗಾಡಿ ಜಾರಬಹುದು ಎಂದರ್ಥ. ಜೊತೆಗೆ ಬ್ರೇಕಿನ ಕೆಂಪು ದೀಪವೂ ಹತ್ತಿದರೆ ಮಾತ್ರ ಗಾಡಿಯನ್ನು ಅಲ್ಲೇ ನಿಲ್ಲಿಸಬೇಕು. ನನ್ನದು ಬರೀ ಹಳದಿ. ಸೀದಾ ಗ್ಯಾರೇಜಿಗೆ ಹೋದೆ.

ಗ್ಯಾರೇಜಿನವರು ನೋಡುವ ಮೊದಲೇ ಹೇಳಿದರು, "ಎಂತ ಇಲ್ಲ ಮಾರಾಯ್ರೆ."

ಈ 'ಎಂತ ಇಲ್ಲ'ದ ಬಗ್ಗೆ ಸ್ವಲ್ಪ ಹೇಳಬೇಕು. ಹೋದ ವರ್ಷ ಗೇರ್ ಬೀಳದೆ ಕಾರನ್ನು ಎಳೆದುಕೊಂಡು ಹೋದಾಗಲೂ ಇವರು ಹೇಳಿದ್ದು "ಎಂತ ಇಲ್ಲ, ಕ್ಲಚ್ ಹೋಗಿದೆ" ಎಂದೇ. ಬಿಲ್ಲು ಹನ್ನೊಂದು ಸಾವಿರ. ರೇಡಿಯೇಟರ್ ಸೋರಿದಾಗ, "ಎಂತ ಇಲ್ಲ, ನಾಳೆ ಬನ್ನಿ." ನಾಳೆ ಹೋದರೆ, "ಎಂತ ಇಲ್ಲ, ಪಾರ್ಟ್ ಬರಬೇಕು." ಅಪ್ಪಿತಪ್ಪಿ ಒಮ್ಮೆ ಅವರು "ಸಣ್ಣದೊಂದು ಉಂಟು" ಅಂದುಬಿಟ್ಟರೆ ಹೆಂಡತಿಯ ಬಳೆ ಅಡವಿಡಬೇಕಾದೀತು ಎಂದು ನಾನು ಹೆದರಿಕೊಂಡೇ ಇದ್ದೇನೆ.

ಸ್ಕ್ಯಾನರ್ ಸಿಕ್ಕಿಸಿದರು. ದೋಷದ ಕೋಡ್ ಬಂತು, ಸಿ0035. ಎದುರಿನ ಎಡ ಚಕ್ರದ ಸ್ಪೀಡ್ ಸೆನ್ಸರ್. ನಾಲ್ಕು ಚಕ್ರಕ್ಕೂ ಒಂದೊಂದು ಸೆನ್ಸರ್ ಇದ್ದು, ಎಷ್ಟು ವೇಗದಲ್ಲಿ ತಿರುಗುತ್ತಿದ್ದೇನೆ ಎಂದು ಕಂಪ್ಯೂಟರಿಗೆ ವರದಿ ಕೊಡುತ್ತಲೇ ಇರುತ್ತದೆ. ಮೂವರು ನಲವತ್ತು ಅನ್ನುವಾಗ ಒಬ್ಬ ಬಾಯಿಯೇ ಬಿಡದಿದ್ದರೆ, ಕಂಪ್ಯೂಟರ್ "ನಿಮ್ಮ ಸಹವಾಸವೇ ಬೇಡ" ಎಂದು ದೀಪ ಹಚ್ಚಿ ಕೂರುತ್ತದೆ.

"ಸೆನ್ಸರ್ ಹೋಗಿದೆ. ಎಂತ ಇಲ್ಲ." ಎರಡು ಸಾವಿರದ ನಾನೂರು ರೂಪಾಯಿ.

ಮರುದಿನ ಮನೆಯ ಗೇಟು ದಾಟುವಷ್ಟರಲ್ಲಿ ದೀಪ ಹಾಜರ್. ಗ್ಯಾರೇಜಿಗೆ ಹೋಗಿ ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಇಲ್ಲ! "ಒಂದು ರೌಂಡ್ ಹೋಗುವಾ" ಎಂದು ಅವರೇ ಓಡಿಸಿದರು. ಗೇಟಿನಿಂದ ಎಡಕ್ಕೆ, ದೇವಸ್ಥಾನದ ಹತ್ತಿರ ಎಡಕ್ಕೆ, ಗೂಡಂಗಡಿಯ ಹತ್ತಿರ ಎಡಕ್ಕೆ, ಮತ್ತೆ ಎಡಕ್ಕೆ, ಗ್ಯಾರೇಜು. ದೀಪದ ಸುಳಿವಿಲ್ಲ. "ನೋಡಿ, ಎಂತ ಇಲ್ಲ." ಇನ್ನೊಂದು ರೌಂಡು. ಮೂರನೆಯದಕ್ಕೆ ಗೂಡಂಗಡಿಯವರು ಕೈಯೆತ್ತಿ ನಮಸ್ಕಾರ ಮಾಡಿದರು. ನಾನಂತೂ ಪ್ರದಕ್ಷಿಣೆ ಎಂದುಕೊಂಡೇ ಕೂತಿದ್ದೆ, ಅದೂ ಅಪ್ರದಕ್ಷಿಣೆ. ನಾಲ್ಕು ದಿನ ಇದೇ ಕಥೆ. ಮನೆ ಹತ್ತಿರ ದೀಪ ಉಂಟು, ಗ್ಯಾರೇಜಿನಲ್ಲಿ ಇಲ್ಲ. ಕೊನೆಗೆ ಅವರು ಕಾರನ್ನು ಬಿಟ್ಟು ನನ್ನನ್ನೇ ನೋಡತೊಡಗಿದರು.

ಕಂಡುಹಿಡಿದದ್ದು ನನ್ನ ಹೆಂಡತಿ, ಮೊಬೈಲಿನಿಂದ ತಲೆ ಎತ್ತದೆ. "ಗೇಟಿನಲ್ಲಿ ಪೂರ್ತಿ ಬಲಕ್ಕೆ ತಿರುಗಿಸ್ತೀರಲ್ಲ, ಆಗ ಬರ್ತದೆ ಅದು."

ಬಲಕ್ಕೆ! ಗ್ಯಾರೇಜಿನವರ ರೌಂಡಿನಲ್ಲಿ ಬಲ ಎಂಬ ದಿಕ್ಕೇ ಇರಲಿಲ್ಲ. ಅಂಗಳದಲ್ಲೇ ಸ್ಟೇರಿಂಗ್ ಬಲಕ್ಕೆ ತಿರುಗಿಸಿಟ್ಟು ಬಾನೆಟ್ ಎತ್ತಿಸಿದೆ. ಸೆನ್ಸರಿನ ವೈರ್ ಬಂದು ಸೇರುವ ಕನೆಕ್ಟರ್, ಅದರಾಚೆಗೆ, ಕಾರಿನ ಕಡೆಯ ವೈರಿನಲ್ಲಿ, ಹಲ್ಲಿನ ಗುರುತು. ಒಳಗಿನ ತಾಮ್ರ ಒಂದೇ ಎಳೆಯಲ್ಲಿ ನೇತಾಡುತ್ತಿತ್ತು. ಚಕ್ರ ಬಲಕ್ಕೆ ತಿರುಗಿದಾಗ ವೈರ್ ಬಿಗಿಯಾಗಿ ಆ ಎಳೆ ಬಿಡುತ್ತಿತ್ತು. ಹೊಸ ಸೆನ್ಸರ್ ಪಾಪ ಏನು ಮಾಡೀತು? ಪಕ್ಕದಲ್ಲಿ, ಬ್ಯಾಟರಿಯ ಸಂದಿಯಲ್ಲಿ, ಸಾಲಾಗಿ ಐದು ಹಲಸಿನ ಬೀಜ. ಆಟಿಗೆಂದು ನಾವು ಹಲಸಿನ ಬೀಜ ಬೇಯಿಸಿ ಒಣಗಿಸಿ ಸಾಂತಾಣಿ ಮಾಡಿಟ್ಟುಕೊಂಡ ಹಾಗೆ ಇಲಿಯೂ ದಾಸ್ತಾನು ಇಟ್ಟಿತ್ತು.

ಬೆಸುಗೆಗೆ ಇನ್ನೂರೈವತ್ತು. ಮೊದಲೇ ವೈರ್ ನೋಡಬಹುದಿತ್ತಲ್ಲ ಎಂದು ಕೇಳಿದೆ. ಉತ್ತರ ನಿಮಗೆ ಗೊತ್ತೇ ಇದೆ.

ಅಪ್ಪನ ಫಿಯೆಟ್ಟಿಗೆ ಈ ದೀಪಗಳ ರಗಳೆ ಇರಲಿಲ್ಲ. ಬ್ರೇಕನ್ನು ಎರಡು ಸಲ ತುಳಿದರೆ ಹಿಡಿಯುತ್ತಿತ್ತು, ಅದು ಎಲ್ಲರಿಗೂ ಗೊತ್ತಿತ್ತು. ತಿರುವಿನಲ್ಲಿ ಅದರ ಕಿರ್ರ್ ಕೇಳಿದೊಡನೆ ಅಮ್ಮ ಚಹಾಕ್ಕೆ ನೀರು ಇಡುತ್ತಿದ್ದಳು. ಅಪ್ಪ ಚಪ್ಪಲಿ ಬಿಡುವಾಗ ಲೋಟ ಸಿದ್ಧ. ನನ್ನದು 2019ರ ಕಾರು, ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾದ ವರ್ಷದ್ದು. ಬಂದದ್ದು ಯಾರಿಗೂ ಕೇಳಿಸುವುದಿಲ್ಲ. ಚಹಾ ನಾನೇ ಮಾಡಿಕೊಳ್ಳುತ್ತೇನೆ.

ಇಲಿ ಬಾರದಿರಲಿ ಎಂದು ಯಾರೋ ಹೇಳಿದಂತೆ ಬಾನೆಟ್ಟಿನೊಳಗೆ ಹೊಗೆಸೊಪ್ಪು ಕಟ್ಟಿದೆ. ಇವತ್ತು ಬೆಳಿಗ್ಗೆ ತೆರೆದು ನೋಡಿದೆ. ಹೊಗೆಸೊಪ್ಪು ಹಾಗೇ ಇದೆ. ಅದರ ಮೇಲೆ ಹೊಸದೊಂದು ಹಲಸಿನ ಬೀಜ.

"ಎಂತದು?" ಎಂದು ಹೆಂಡತಿ ಜಗಲಿಯಿಂದ ಕೇಳಿದಳು.

"ಎಂತ ಇಲ್ಲ" ಎಂದೆ.