ರಾತ್ರಿಯೇ ಸಿದ್ಧವಾದ ಉಪಾಹಾರ

ರಜಾದಿನದ ಬೆಳಿಗ್ಗೆ ಎಂಟು ಗಂಟೆಯವರೆಗೆ ಮಲಗಬೇಕೆಂಬ ಒಂದೇ ಒಂದು ಆಸೆಯಿಂದ ನಾನು ಫ್ರೆಂಚ್ ಟೋಸ್ಟ್ ಕ್ಯಾಸರೋಲ್‌ನ, ಅಂದರೆ ಮೊಟ್ಟೆ-ಹಾಲಿನಲ್ಲಿ ನೆನೆಸಿದ ಬ್ರೆಡ್ ತುಂಡುಗಳನ್ನು ಒಂದೇ ಟ್ರೇಯಲ್ಲಿ ಓವನ್‌ನಲ್ಲಿ ಬೇಯಿಸುವ ತಿಂಡಿಯ, ಸಹವಾಸಕ್ಕೆ ಬಿದ್ದೆ. ಅಕ್ಕ, ಭಾವ ಮತ್ತು ಅವರ ಇಬ್ಬರು ಮಕ್ಕಳು ವರ್ಷಾಂತ್ಯದ ರಜೆಗೆ ನಮ್ಮ ಮನೆಗೆ ಬರುತ್ತಾರೆ. ನಾವು ನಾಲ್ವರೂ ಸೇರಿದರೆ ಎಂಟು ಬಾಯಿ. ಫ್ರೆಂಚ್ ಟೋಸ್ಟನ್ನು ಕಾವಲಿಯ ಮೇಲೆ ಎರಡೆರಡಾಗಿ ಬೇಯಿಸಲು ನಿಂತರೆ, ಕೊನೆಯವರ ತಟ್ಟೆಗೆ ಅದು ಬೀಳುವ ಹೊತ್ತಿಗೆ ಮೊದಲು ತಿಂದವರಿಗೆ ಮತ್ತೆ ಹಸಿವಾಗಿರುತ್ತದೆ. ಆದುದರಿಂದ ‘ಹಿಂದಿನ ರಾತ್ರಿಯೇ ಜೋಡಿಸಿ ಫ್ರಿಜ್‌ನಲ್ಲಿಡಿ, ಬೆಳಿಗ್ಗೆ ಓವನ್‌ಗೆ ತಳ್ಳಿದರಾಯಿತು’ ಎಂಬ ಮಾತನ್ನು ಓದಿದ ದಿನ, ಈ ಜಗತ್ತಿನಲ್ಲಿ ಸೋಮಾರಿಗಳ ಹಿತ ಬಯಸುವವರು ಇನ್ನೂ ಇದ್ದಾರೆಂದು ನನಗೆ ಕಣ್ಣು ತುಂಬಿ ಬಂದಿತ್ತು.

‘ತಳ್ಳಿದರಾಯಿತು’ ಎಂಬ ಆ ಒಂದು ಪದದೊಳಗೆ ಎಷ್ಟು ಹೊತ್ತು ಅಡಗಿದೆ ಎಂಬುದು ತಿಳಿದದ್ದು ಟ್ರೇಯನ್ನು ಫ್ರಿಜ್‌ಗೆ ಸೇರಿಸಿ ಹಾಸಿಗೆಯ ಮೇಲೆ ಮಲಗಿ ಉಳಿದ ಸೂಚನೆಗಳನ್ನು ಓದಿದಾಗ. ಅರ್ಧ ಗಂಟೆ ಮೊದಲೇ ಹೊರಗೆ ತೆಗೆದಿಡಬೇಕು, ಏಕೆಂದರೆ ಫ್ರಿಜ್‌ನಿಂದ ತೆಗೆದ ಗಾಜಿನ ಪಾತ್ರೆಯನ್ನು ನೇರವಾಗಿ ಬಿಸಿ ಓವನ್‌ಗೆ ಇಟ್ಟರೆ ಅದು ಸೀಳಿಬಿಡಬಹುದು. ಆಮೇಲೆ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 50 ನಿಮಿಷ ಬೇಯಬೇಕು. ಹೊರಗೆ ತೆಗೆದ ಮೇಲೆ 10 ನಿಮಿಷ ಆರಬೇಕು. ಒಟ್ಟು 90 ನಿಮಿಷ. ಎಂಟಕ್ಕೆ ಎಲ್ಲರೂ ತಿನ್ನಬೇಕಾದರೆ ನಾನು ಆರೂವರೆಗೆ ಏಳಬೇಕು. ಕಚೇರಿ ಇರುವ ದಿನಗಳಲ್ಲಿ ನಾನು ಏಳುವುದು ಆರೂಮುಕ್ಕಾಲಿಗೆ.

ಮೊದಲ ವರ್ಷ ನಾನು ಅತಿಥಿಗಳ ಮೇಲಿನ ಗೌರವದಿಂದ ಅತ್ಯಂತ ತಾಜಾ ಬ್ರೆಡ್ ತಂದಿದ್ದೆ. ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಮೆಲ್ಲಗೆ ಮೇಲೆದ್ದು ಬರುವಂಥ ಬ್ರೆಡ್. ಸುಮಾರು 450 ಗ್ರಾಂ ಬ್ರೆಡ್ಡನ್ನು ತುಂಡು ಮಾಡಿ, 8 ಮೊಟ್ಟೆ ಮತ್ತು 600 ಮಿಲಿಲೀಟರ್ ಹಾಲನ್ನು ಕಲಕಿ ಅದರ ಮೇಲೆ ಸುರಿದೆ. ಬೆಳಿಗ್ಗೆ ನೋಡಿದರೆ ತುಂಡುಗಳು ತಮ್ಮತನವನ್ನೆಲ್ಲ ತೊರೆದು ಒಂದೇ ಮುದ್ದೆಯಾಗಿ ಲೀನವಾಗಿದ್ದವು. ಓವನ್‌ನಿಂದ ಹೊರಬಂದದ್ದನ್ನು ಅಕ್ಕ ಚಮಚದಿಂದ ಎತ್ತಿ, ಅದು ನಿಧಾನವಾಗಿ ಜಾರಿ ಕೆಳಗಿಳಿಯುವುದನ್ನು ನೋಡುತ್ತಾ, “ಹಲ್ಲಿಲ್ಲದವರಿಗೆ ಒಳ್ಳೆಯದಪ್ಪಾ” ಎಂದಳು.

ಈ ತಿಂಡಿಗೆ ಬೇಕಾದದ್ದು ತಾಜಾತನವಲ್ಲ, ಒಂದೆರಡು ದಿನ ಉಪೇಕ್ಷೆಗೆ ಒಳಗಾದ ಬ್ರೆಡ್. ಒಣಗಿದ ಬ್ರೆಡ್ಡಿನ ರಂಧ್ರಗಳ ಗೋಡೆಗಳು ಗಟ್ಟಿಯಾಗಿರುವುದರಿಂದ ಅದು ಹಾಲನ್ನು ಹೀರಿಕೊಂಡೂ ಕುಸಿಯದೆ ನಿಲ್ಲುತ್ತದೆ. ಹಾಗೆಂದು ಬ್ರೆಡ್ಡನ್ನು ಬೇಗ ಒಣಗಿಸಲು ಫ್ರಿಜ್‌ನಲ್ಲಿಡುವುದು ಸಲ್ಲದು. ಅಲ್ಲಿ ಅದರ ಪಿಷ್ಟವು ಮತ್ತೆ ಹರಳುಗಟ್ಟಿ ಬ್ರೆಡ್ ಬೇಗ ಬಿರುಸಾಗುತ್ತದೆಯೇ ಹೊರತು ತೇವವೆಲ್ಲ ಆರಿಹೋಗುವುದಿಲ್ಲ. ತುಂಡುಗಳನ್ನು ಟ್ರೇಯಲ್ಲಿ ಹರಡಿ 150 ಡಿಗ್ರಿಯ ಓವನ್‌ನಲ್ಲಿ ಹದಿನೈದು ನಿಮಿಷ ಇಟ್ಟರೆ ಕೆಲಸ ಮುಗಿಯುತ್ತದೆ. ಚಕ್ಕೆ ಪುಡಿಯ ವಿಷಯವೂ ಆ ವರ್ಷವೇ ತಿಳಿಯಿತು: ಅದನ್ನು ನೇರವಾಗಿ ಹಾಲಿಗೆ ಹಾಕಿದರೆ ಎಷ್ಟು ಕಲಕಿದರೂ ಒದ್ದೆಯಾಗದೆ ಮೇಲೆ ಕಂದು ದ್ವೀಪಗಳಂತೆ ತೇಲುತ್ತದೆ. ಮೊದಲು ಸಕ್ಕರೆಯೊಂದಿಗೆ ಬೆರೆಸಬೇಕು. ನಾನು ಬೆರೆಸಿರಲಿಲ್ಲ, ಆ ದ್ವೀಪಗಳೆಲ್ಲ ಒಂದುಗೂಡಿ ಭಾವನವರ ಪಾಲಿಗೇ ಹೋದವು.

ಎರಡನೆಯ ವರ್ಷ ಬ್ರೆಡ್ ಒಣಗಿತ್ತು, ಚಕ್ಕೆ ಸಕ್ಕರೆಯಲ್ಲಿ ಬೆರೆತಿತ್ತು, ಎಲ್ಲವೂ ಸರಿಯಾಗಿತ್ತು. ಫ್ರಿಜ್‌ನಲ್ಲಿ ಜಾಗ ಮಾತ್ರ ಇರಲಿಲ್ಲ. ಪಾಕವಿಧಾನ ಬರೆಯುವವರು 33 ಸೆಂಟಿಮೀಟರ್ ಉದ್ದ, 23 ಸೆಂಟಿಮೀಟರ್ ಅಗಲದ ಪಾತ್ರೆ ಬೇಕೆಂದು ಬರೆಯುತ್ತಾರೆಯೇ ಹೊರತು, ಅತಿಥಿಗಳು ಬಂದಿರುವ ಮನೆಯ ಫ್ರಿಜ್‌ನಲ್ಲಿ ಅಂಥದೊಂದು ಬಯಲು ಎಲ್ಲಿ ಸಿಗುತ್ತದೆಂದು ಬರೆಯುವುದಿಲ್ಲ. ರಾತ್ರಿ ಹನ್ನೊಂದೂವರೆಗೆ ನಾನು ಒಂದೊಂದೇ ಡಬ್ಬಿಯನ್ನು ನೆಲಕ್ಕಿಳಿಸಿ, ಮೇಲಿನ ಅರೆಯಲ್ಲಿ ಟ್ರೇಯ ಒಂದು ತುದಿಯನ್ನು ನೆಲೆಗೊಳಿಸಿ, ಇನ್ನೊಂದು ತುದಿಗೆ ಜ್ಯಾಮ್ ಬಾಟಲಿಯ ಆಸರೆ ಕೊಟ್ಟೆ. ಎರಡು ಬೆರಳಿನಷ್ಟು ಓರೆಯಿತ್ತು, ನಿಜ. ಬ್ರೆಡ್ ಹೇಗೂ ಹಾಲನ್ನು ಹೀರಿಕೊಳ್ಳುತ್ತದಲ್ಲ ಎಂದುಕೊಂಡು ಬಾಗಿಲು ಮುಚ್ಚಿದೆ.

ಹೀರಿಕೊಳ್ಳಲು ಅದಕ್ಕೂ ಸ್ವಲ್ಪ ಸಮಯ ಬೇಕು. ಹಾಲು ಕಾಯಲಿಲ್ಲ. ಫಾಯಿಲ್‌ನ ಮೂಲೆಯೊಂದರಿಂದ ಹೊರಟ ಸಣ್ಣ ಧಾರೆ ಮೇಲಿನ ಅರೆಯ ಅಂಚನ್ನು ಹಿಡಿದು, ಎರಡನೆಯ ಅರೆಯಲ್ಲಿದ್ದ ಮೊಸರಿನ ಪಾತ್ರೆಯ ಮುಚ್ಚಳದ ಮೇಲೆ ಕೆರೆಯಾಗಿ ನಿಂತು, ಅಲ್ಲಿಂದ ಕೋಡಿ ಬಿದ್ದು ತರಕಾರಿಯ ಡ್ರಾಯರ್ ಸೇರಿತ್ತು. ಬೆಳಿಗ್ಗೆ ನನ್ನ ಹೆಂಡತಿ ಡ್ರಾಯರ್ ಎಳೆದಾಗ ಕ್ಯಾರೆಟ್‌ಗಳು ವೆನಿಲಾ ಪರಿಮಳದಲ್ಲಿ ಅರ್ಧ ಮುಳುಗಿದ್ದವು. ಅವಳು ಏನೂ ಹೇಳಲಿಲ್ಲ. ಒಂದು ಕ್ಯಾರೆಟ್ ಎತ್ತಿ, ಹಾಲು ತೊಟ್ಟಿಕ್ಕುವುದು ನಿಲ್ಲುವವರೆಗೂ ಹಿಡಿದುಕೊಂಡು ನನ್ನನ್ನೇ ನೋಡಿದಳು. ಇತ್ತ ಟ್ರೇಯ ಮೇಲಿನ ಅರ್ಧ ರಸ್ಕಿನಂತೆ, ಕೆಳಗಿನ ಅರ್ಧ ಪಾಯಸದಂತೆ ಬೆಂದಿತ್ತು.

ಮೂರನೆಯ ವರ್ಷದ ಅವಮಾನ ಸ್ವಲ್ಪ ಗಂಭೀರವಾದದ್ದು. ಎದ್ದದ್ದು ತಡವಾದ್ದರಿಂದ ಅರ್ಧ ಗಂಟೆ ಹೊರಗಿಡುವ ಶಾಸ್ತ್ರವನ್ನು ಬಿಟ್ಟು, ಗಾಜಿನ ಬದಲು ಲೋಹದ ಟ್ರೇ ಇದ್ದ ಧೈರ್ಯದಿಂದ ನೇರವಾಗಿ ಓವನ್‌ಗೆ ಇಟ್ಟೆ. ನಲವತ್ತು ನಿಮಿಷಕ್ಕೆ ಮೇಲ್ಮೈ ಹೊಂಬಣ್ಣಕ್ಕೆ ತಿರುಗಿ, ಅಂಚುಗಳಲ್ಲಿ ಬೆಣ್ಣೆ ಚುರುಗುಟ್ಟುತ್ತಿತ್ತು. ಅಂಚಿಗೆ ಚಾಕು ಚುಚ್ಚಿ ನೋಡಿದೆ, ಸ್ವಚ್ಛವಾಗಿ ಬಂತು. ಗೌರವದ ಪಾಲೆಂದು ನಟ್ಟನಡುವಿನ ತುಂಡನ್ನು ಭಾವನವರಿಗೆ ಬಡಿಸಿದೆ. ಅವರು ಫೋರ್ಕ್ ಒತ್ತಿದೊಡನೆ ತೆಳುಹಳದಿಯ ಹಸಿ ಮೊಟ್ಟೆಹಾಲು ತಟ್ಟೆಯ ನಾಲ್ಕೂ ದಿಕ್ಕಿಗೆ ಹರಿಯಿತು.

ಆ ಮೌನವನ್ನು ಮುರಿಯಲು ನಾನು ಇತಿಹಾಸಕ್ಕೆ ಮೊರೆಹೋದೆ. ಫ್ರೆಂಚರು ಇದನ್ನು ‘ಕಳೆದುಹೋದ ಬ್ರೆಡ್’ ಎಂದು ಕರೆಯುತ್ತಾರೆಂದೂ, ಅಪಿಸಿಯಸ್‌ನ ಹೆಸರಿನಲ್ಲಿ ಉಳಿದುಬಂದಿರುವ ರೋಮನ್ ಪಾಕಸಂಗ್ರಹದಲ್ಲಿಯೇ ಬ್ರೆಡ್ಡಿನ ದೊಡ್ಡ ತುಂಡುಗಳನ್ನು ಹಾಲಿನಲ್ಲಿ ನೆನೆಸಿ, ಕರಿದು, ಜೇನು ಸುರಿಯುವ ವಿಧಾನವಿದೆಯೆಂದೂ ವಿವರಿಸಿದೆ. ಭಾವ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುತ್ತಾ, “ಅದರಲ್ಲಿ ಮೊಟ್ಟೆ ಇತ್ತೇನಯ್ಯಾ?” ಎಂದು ಕೇಳಿದರು. ಇರಲಿಲ್ಲ. “ಬುದ್ಧಿವಂತರು” ಎಂದರು.

ಅಂದೇ ಮಧ್ಯಾಹ್ನ ನಾನು ಅಡುಗೆಯ ಥರ್ಮಾಮೀಟರ್ ಕೊಂಡೆ. ಮೊಟ್ಟೆಯ ಇಂಥ ತಿನಿಸುಗಳ ನಡುಭಾಗವು 71 ಡಿಗ್ರಿ ಮುಟ್ಟಬೇಕು. ಟ್ರೇಯಲ್ಲಿ ಎಲ್ಲಕ್ಕಿಂತ ಕೊನೆಗೆ ಬಿಸಿಯಾಗುವುದು ನಡುಭಾಗ. ಆದುದರಿಂದ ಪರೀಕ್ಷಿಸಬೇಕಾದದ್ದೂ ಅಲ್ಲಿಯೇ. ಮೇಲ್ಭಾಗ ಬೇಗ ಕೆಂಪಾಗದಂತೆ ಮೊದಲರ್ಧ ಫಾಯಿಲ್ ಮುಚ್ಚಿರಬೇಕು. ಈ ಸತ್ಯಗಳನ್ನು ನಾನು ಆ ರಜೆ ಮುಗಿಯುವವರೆಗೂ ಮನೆಯ ಮಕ್ಕಳಿಗೆ, ಅವರು ಕೇಳಲಿ ಬಿಡಲಿ, ಬೋಧಿಸಿದೆ.

ಕಳೆದ ವರ್ಷ ಒಂದೂ ತಪ್ಪಾಗಲಿಲ್ಲ. ಆರೂವರೆಗೆ ಎದ್ದೆ. ಏಳು ಐವತ್ತಕ್ಕೆ ಓವನ್ ತೆರೆದಾಗ ಕ್ಯಾಸರೋಲ್ ಪಾತ್ರೆಯ ಅಂಚಿಗಿಂತ ಎರಡು ಬೆರಳು ಮೇಲಕ್ಕೆ ಉಬ್ಬಿ, ನಡುವೆ ಥರ್ಮಾಮೀಟರ್ 73 ತೋರಿಸುತ್ತಿತ್ತು. ಮನೆಯವರನ್ನೆಲ್ಲ ಕೂಗಿ ಎಬ್ಬಿಸಿದೆ. ಅವರು ಹೊದಿಕೆ ಸರಿಸಿ, ಚಪ್ಪಲಿ ಹುಡುಕಿ, ಮುಖ ತೊಳೆದು ಬರುವುದರೊಳಗೆ ಒಳಗಿನ ಆವಿಯ ಬಲವೆಲ್ಲ ಇಳಿದು ಅದು ಒಂದು ನಿಟ್ಟುಸಿರಿನೊಂದಿಗೆ ತಗ್ಗಿ ಕುಳಿತಿತ್ತು. “ಉಬ್ಬಿತ್ತು” ಎಂದೆ. “ಹೌದೌದು” ಎಂದು ಅಕ್ಕ ಮಕ್ಕಳನ್ನು ಸಮಾಧಾನಪಡಿಸುವ ದನಿಯಲ್ಲಿ ಹೇಳಿದಳು.

ಆದರೆ ಅಕ್ಕನ ಕಿರಿಯ ಮಗಳು ತಗ್ಗನ್ನು ನೋಡುತ್ತಿರಲಿಲ್ಲ. ಎರಡು ಬದಿಯಲ್ಲಿಯೂ ಗರಿಗರಿಯಾಗಿರುವ ಮೂಲೆಯ ತುಂಡುಗಳು ಒಂದು ಟ್ರೇಯಲ್ಲಿ ನಾಲ್ಕೇ ಇರುತ್ತವೆ, ಎಂಟು ಜನರಲ್ಲಿ ಅವುಗಳಿಗಾಗಿ ಪ್ರತಿವರ್ಷವೂ ತಕರಾರು ನಡೆಯುತ್ತದೆ, ಮತ್ತು ಆ ದಿನ ಅಲ್ಲಿ ಇದ್ದದ್ದು ಮೂರೇ.

“ಬೆಂದಿದೆಯೋ ಇಲ್ಲವೋ ಎಂದು ಪರೀಕ್ಷಿಸಿದೆ” ಎಂದು ನಾನು ತುಟಿಯಂಚಿನ ಸಕ್ಕರೆಯನ್ನು ಒರೆಸಿಕೊಂಡೆ.

“ಮಾಮ, ಪರೀಕ್ಷೆ ಮಾಡಬೇಕಾದದ್ದು ನಡುವಿನಲ್ಲಲ್ಲವಾ?” ಎಂದಳು ಅವಳು.